ದೊಡ್ಡಮ್ಮ ಹೇಳಿದ ತಿದ್ದುಪಡಿ

ನನ್ನ ಪ್ರಬಂಧದ ಮೌಖಿಕ ಪರೀಕ್ಷೆಗೆ ಮೂರನೆಯ ಪರೀಕ್ಷಕಿಯಾಗಿ ಯಾರು ಬರುತ್ತಾರೆಂದು ನನ್ನ ಮಾರ್ಗದರ್ಶಕಿ ಮೇಡಂ ಹೇಳಿದಾಗ, ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಬರುವವಳು ನನ್ನ ದೊಡ್ಡಮ್ಮ, ಅಮ್ಮನ ಒಡಹುಟ್ಟಿದ ಅಕ್ಕ. ನಾನು ಹುಟ್ಟುವ ಮೊದಲಿನಿಂದಲೂ ಅವರಿಬ್ಬರಿಗೆ ಮಾತಿಲ್ಲ.

ಹಗಲು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಚುವ ನಾನು, ಸಂಜೆ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಮತ್ತು ಮೂಲನಿವಾಸಿ ಅಧ್ಯಯನ ಓದುತ್ತಿದ್ದೆ. "ಕೋರ್ಸಿನ ಹೆಸರು ಹೇಳಿ ಮುಗಿಸೋದ್ರೊಳಗೆ ಇನ್ನೆರಡು ಚಾದರ ಮಡಚಬಹುದು ಕಣೆ" ಎಂದು ಜೊತೆಗೆಲಸದವಳು ಛೇಡಿಸುತ್ತಿದ್ದಳು. ಯಾವ ಜನರ ಬಗ್ಗೆ ಬರೆಯುತ್ತೇವೋ ಆ ಜನರೇ ಒಬ್ಬರನ್ನು ಪರೀಕ್ಷೆಗೆ ಕಳಿಸಬೇಕೆಂಬುದು ನಮ್ಮ ವಿಭಾಗದ ಕಟ್ಟಳೆ. ಅವರು ಒಪ್ಪದಿದ್ದರೆ ಪ್ರಬಂಧ ಮೂಲೆ ಸೇರಿದಂತೆಯೇ.

ನಾನು ಬರೆದದ್ದು ಅಮ್ಮನ ಕಡೆಯ ಮೂಲನಿವಾಸಿಗಳಾದ ಹೊಳೆದಂಡೆಯವರ ಬಗ್ಗೆ. ಹಿಂದೊಮ್ಮೆ ಹೊರದೇಶದ ನೆರವಿನಲ್ಲಿ ಅವರಿಗೊಂದು ಮಾದರಿ ಕಾಲೋನಿ ಕಟ್ಟಿಸುವುದಾಗಿ, ಅವರನ್ನೇ ಕೇಳದೆ, ಅಳತೆಯವರು ಜೀಪಿನಲ್ಲಿ ಬಂದಿದ್ದರು. ಜೀಪಿಗೆ ಕಲ್ಲು ಹೊಡೆದು ಲಾಕಪ್ಪಿಗೆ ಹೋದವಳು ದೊಡ್ಡಮ್ಮ. ನಾನು ಹೊಳೆದಂಡೆಗೆ ಹೋದಾಗಲೆಲ್ಲ ಅವಳು ದೂರದೂರಿನಲ್ಲಿದ್ದ ಮಗಳ ಮನೆಯಲ್ಲಿರುತ್ತಿದ್ದಳು. ಹಾಗಾಗಿ ಮೂರನೆಯ ಅಧ್ಯಾಯದ ಆ ಭಾಗವನ್ನು ಅಮ್ಮ ಹೇಳಿದಂತೆಯೇ ಬರೆದಿದ್ದೆ. ಒಬ್ಬರ ಮಾತು ಸಾಕೇ ಎಂಬ ಅಳುಕು ಆಗಲೂ ಇತ್ತು.

"ಸಂಬಂಧಿಕರು ಪರೀಕ್ಷೆ ಮಾಡಬಹುದಾ ಮೇಡಂ?" ಎಂದು, ಇಲ್ಲ ಅಂದಾರೆಂಬ ಆಸೆಯಿಂದ ಕೇಳಿದೆ.

"ಅಲ್ಲಿ ನಿಮಗೆ ಸಂಬಂಧ ಇಲ್ಲದೋರು ಯಾರಿದ್ದಾರೆ ಹೇಳಿ, ಅವರನ್ನೇ ಕರೆಸೋಣ."

ಎಷ್ಟು ಯೋಚಿಸಿದರೂ ಒಬ್ಬರೂ ಸಿಗಲಿಲ್ಲ.

ಅಮ್ಮನಿಗೆ ಹೇಳಿದರೆ ಅವಳು ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು. "ನನ್ನ ಮೇಲಿನ ಸಿಟ್ಟು ನಿನ್ನ ಮೇಲೆ ತೀರಿಸ್ಕೋತಾಳೆ, ನೋಡ್ತಿರು."

"ಯಾಕಮ್ಮ ಸಿಟ್ಟು?"

"ಅದೆಲ್ಲ ನಿನಗ್ಯಾಕೆ?"

ಪರೀಕ್ಷೆಯ ಕೋಣೆಯಲ್ಲಿ ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು. ದೊಡ್ಡಮ್ಮ ಗಿಡ್ಡ ಹೆಂಗಸು. ಕುರ್ಚಿಯಲ್ಲಿ ಕುಳಿತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹೊರಗಿನಿಂದ ಬಂದ ಪ್ರೊಫೆಸರು ಕೇಳಿದ್ದಕ್ಕೆಲ್ಲ ನೀರು ಕುಡಿಯುತ್ತಾ ಹೇಗೋ ಉತ್ತರಿಸಿದೆ. ಆಮೇಲೆ ಅವಳ ಸರದಿ ಬಂತು.

"ನಿಮ್ಮಮ್ಮನಿಗೆ ಈಗಲೂ ಸಿಟ್ಟು ಮೂಗಿನ ತುದೀಲೇ ಇದ್ಯಾ?"

"ಇದೆ," ಎಂದೆ. ಪ್ರೊಫೆಸರು ಕೆಮ್ಮಿದರು.

"ಮೊಮ್ಮಗಳ ಹತ್ರ ನಿನ್ನ ಬರಹ ಪೂರ್ತಿ ಓದಿಸಿಕೊಂಡೆ. ಜೀಪಿಗೆ ಕಲ್ಲು ಹೊಡೆದೋಳು ನಾನು ಅಂತಿದೆ. ಯಾರು ಹೇಳಿದ್ದು?"

"ಅಮ್ಮ. ಪೊಲೀಸರು ಕೂಡ ನಿಮ್ಮನ್ನೇ..."

"ಪೊಲೀಸರಿಗೆ ಹಾಗಂತ ಹೇಳಿದ್ದು ನಾನೇ. ಹೊಡೆದೋಳು ನಿಮ್ಮಮ್ಮ. ನಿನ್ನನ್ನ ಹೊಟ್ಟೇಲಿ ಇಟ್ಕೊಂಡು ಬೀಸಿದ್ಲು, ಬಜಾರಿ! ಬಸುರಿಯನ್ನ ಲಾಕಪ್ಪಿಗೆ ಕಳಿಸೋಕಾಗುತ್ತಾ?"

ಮೂರನೆಯ ಅಧ್ಯಾಯ ಇಡಿಯಾಗಿ ನನ್ನ ತಲೆಯ ಮೇಲೆ ಕುಸಿದಂತಾಯಿತು. "ಹಾಗಾದ್ರೆ ನನ್ನ ಪ್ರಬಂಧ?"

"ಉಳಿದಿದ್ದೆಲ್ಲ ಸರಿ. ನಮ್ಮ ಬಾಗಿಲುಗಳು ಹೊಳೆ ಕಡೆಗೇ ಯಾಕಿವೆ ಅಂತ ಬರೆದಿದ್ದೀಯಲ್ಲ, ಅದನ್ನ ಇನ್ನೊಂದು ಸಲ ಓದಿಸಿದೆ. ಕಲ್ಲಿನ ವಿಷಯ ತಿದ್ದು, ಸಾಕು." ಮೇಡಂ ಕಡೆ ತಿರುಗಿದಳು. "ಪಾಸು ಅಂತ ಎಲ್ಲಿ ಹೆಬ್ಬೆಟ್ಟು ಒತ್ತಬೇಕಮ್ಮ?"

ನಾನು ಉಸಿರು ಬಿಟ್ಟ ಸದ್ದು ಫ್ಯಾನಿನ ಸದ್ದನ್ನೂ ಮೀರಿರಬೇಕು, ಪ್ರೊಫೆಸರು ನಕ್ಕರು. ಆದರೂ ಬಾಯಿ ಸುಮ್ಮನಿರಲಿಲ್ಲ. "ನಿಮಗೆ ಅಮ್ಮನ ಮೇಲೆ ಸಿಟ್ಟಿಲ್ವಾ?"

"ಇಲ್ದೆ ಏನು? ಲಾಕಪ್ಪಿಂದ ಬಂದು ನೋಡಿದ್ರೆ ಮನೆ ಖಾಲಿ, ಇವಳು ಊರೇ ಬಿಟ್ಟಿದ್ಲು. ನನಗೆ ಮುಖ ತೋರಿಸೋಕೆ ನಾಚಿಕೆಯಂತೆ! ಚೊಚ್ಚಲ ಹೆರಿಗೆ, ಪಕ್ಕದಲ್ಲಿ ಅಕ್ಕ ಇರಬೇಡ್ವಾ? ನನ್ನ ಸಿಟ್ಟು ಅದು."

ಅಮ್ಮನ ಒಪ್ಪಿಗೆಯಿಲ್ಲದೆ ಅವಳ ಬಗ್ಗೆ ಹಾಗೆ ಬರೆಯುವಂತಿಲ್ಲ, ಅದೂ ವಿಭಾಗದ ನಿಯಮವೇ. ಮೇಡಂ ಹೂಂ ಎಂದ ಮೇಲೆ ಅಲ್ಲಿಂದಲೇ ಫೋನ್ ಮಾಡಿದೆ.

"ಫೇಲಾ?" ಎಂದಳು ಅಮ್ಮ, ಹಲೋ ಕೂಡ ಅನ್ನದೆ.

"ಪಾಸಮ್ಮ. ಒಂದು ತಿದ್ದುಪಡಿ ಇದೆ. ಆ ಕಲ್ಲು ಹೊಡೆದಿದ್ದು..."

ಆ ಕಡೆ ಅಮ್ಮ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

"ಜೀಪಿನ ದೀಪಕ್ಕೆ ತಗುಲಿದ್ದು ಅಷ್ಟೇ," ಎಂದಳು. "ಡ್ರೈವರಿಗೆ ಏನೂ ಆಗ್ಲಿಲ್ಲ."

"ಬರೀಲಾ?"

"ಬರಿ. ದೀಪಕ್ಕೆ ಅಂತಾನೇ ಬರಿ." ಅವಳ ದನಿ ಇಳಿಯಿತು. "ಅಕ್ಕ ಏನಂದ್ಲು?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಫೋನನ್ನು ಕಿತ್ತುಕೊಂಡಳು. "ಏನೇ, ಮಗಳ ಪುಸ್ತಕದಲ್ಲಿ ಸುಳ್ಳು ಬರೆಸ್ತೀಯಾ? ... ಅಳಬೇಡ. ... ಅಳಬೇಡ ಅಂದ್ನಲ್ಲ! ಈಗ್ಲೇ ಬಂದು ಬೆನ್ನಿಗೆ ಎರಡು ಬಿಡ್ತೀನಿ."

ಹೇಳುತ್ತಲೇ ಅವಳು ಕುರ್ಚಿಯಿಂದ ಇಳಿದು, ಫೋನು ಕಿವಿಯಲ್ಲಿದ್ದ ಹಾಗೆಯೇ ಚಪ್ಪಲಿ ಮೆಟ್ಟಿದಳು. ನನ್ನತ್ತ ನೋಡಿ, ಹೊರಡು ಎಂದು ಕಣ್ಣಲ್ಲೇ ಗದರಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲವೆಂಬುದು ನೆನಪಾಗಿ ನನಗೆ ವಿಪರೀತ ಹಸಿವಾಯಿತು.