ತಾತನ ತೋಳಿಗೆ ಕಟ್ಟಿದ ಬಟ್ಟೆ

ಮುದುಕಿಯ ಚಪ್ಪಲಿಯ ಮೇಲೂ ಕೆಂಪು ಕೂತುಬಿಟ್ಟಿದೆ, ಚಿತ್ತವಾಡ್ಗಿಗೆ ಬಂದು ಅರ್ಧ ಗಂಟೆಯೂ ಆಗಿಲ್ಲ, ಅದಿರಿನ ಧೂಳಿಗೆ ನಮ್ಮವರು ಪರದೇಶದವರು ಅನ್ನುವ ಭೇದವಿಲ್ಲ, ಬಿಳೀ ಪಾದ, ನೀಲಿ ನರ, ಮೇಲೆ ಕೆಂಪು — ನಾನು ಪಾದವನ್ನೇ ನೋಡುತ್ತಿದ್ದೇನೆ, ಮುಖ ನೋಡುವ ಧೈರ್ಯ ಬರುತ್ತಿಲ್ಲ, ಹಾಲೆಂಡ್ ದೇಶದವರಂತೆ, ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ, ಹಂಪಿಯ ಗೈಡ್ ಚನ್ನಯ್ಯ ಆಕೆಯ ಮಾತನ್ನು ಕನ್ನಡ ಮಾಡಿ ನನ್ನ ಮುಂದೆ ಇಡುತ್ತಿದ್ದಾನೆ, ಹೊನ್ನೂರುಸ್ವಾಮಿ, ಇವರು ನಿಮ್ಮ ತಾತನ್ನ ಹುಡುಕ್ಕೊಂಡು ಬಂದಾರ, ಮಿಲಿಟ್ರಿ ಜಂಬಯ್ಯನ್ನ, ತೋಳಿಗೆ ಗುಂಡು ಬಿದ್ದಿತ್ತಲ್ಲ, ಅವರನ್ನ — ತಾತ ತೀರ್ಕೊಂಡು ಮೂರು ವರ್ಷ ಆತ್ರಿ ಅಂದೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ, ಮುಗಿಯಲಿಲ್ಲ, ಇವರ ತಾಯಿ ಆ ತೋಳಿಗೆ ಒಂದು ಬಟ್ಟಿ ಕಟ್ಟಿದ್ರಂತ, ದಾರದಾಗ ಹೆಸರು ಹೊಲಿದಿದ್ದ ಬಿಳೀ ಬಟ್ಟಿ, ಅದೇನಾರ ಐತೇನು ಮನ್ಯಾಗ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕಣ್ಣು ತಾನಾಗಿ ಬಾಗಿಲಾಚೆ ಓಡಿತು, ಅಲ್ಲಿ ನನ್ನ ಲಾರಿ ನಿಂತಿದೆ, ಕನ್ನಡಿಯ ಸರಳಿಗೆ ಬಟ್ಟೆ ನೇತಾಡುತ್ತಿದೆ, ಬಿಳಿ ಎಲ್ಲಿ ಬಂತು, ಬರೀ ಅದಿರು, ಬರೀ ಡೀಸೆಲ್, ಬೆಳಿಗ್ಗೆ ಅದರಲ್ಲೇ ಗ್ಲಾಸು ಒರೆಸಿದೆ, ಅದರಲ್ಲೇ ನಂಬರ್ ಪ್ಲೇಟು ಒರೆಸಿದೆ, ಬೇರೆ ದಾರವೆಲ್ಲ ಸವೆದುಹೋಗಿದೆ, ಮೂಲೆಯಲ್ಲಿ ನೀಲಿ ದಾರದ ನಾಲ್ಕು ಅಕ್ಷರ, ಕೆ, ಒ, ಬಿ, ಎ, ನನಗೆ ಇಂಗ್ಲಿಷ್ ಬರುವುದು ನಂಬರ್ ಪ್ಲೇಟಿನಷ್ಟೇ, ಕೆಎ ಮೂವತ್ತೈದರ ಕೆ, ಕೆಎ ಮೂವತ್ತೈದರ ಎ, ನಡುವೆ ಇನ್ನೆರಡು ಯಾಕೆ ತುರುಕಿದ್ದಾರೋ ಅಂತ ಒಂದು ದಿನ ನಕ್ಕಿದ್ದೂ ಉಂಟು.

ಲೇ ಲಲಿತಾ, ಚಾ ಆತೇನು ಅಂತ ಒಳಗೆ ಕೂಗಿದೆ, ಆತ್ರಿ ಆತು ಅಂದಳು ಹೆಂಡತಿ ಅಡುಗೆಮನೆಯಿಂದ, ಸ್ಟೋವ್ ಸದ್ದಿನಲ್ಲಿ ಅವಳಿಗೆ ಇಲ್ಲಿಯದು ಏನೂ ಕೇಳಿಸಿಲ್ಲ, ಪುಣ್ಯ — ಆಕೆ ಹೇಳುತ್ತಲೇ ಇದ್ದಾರೆ, ಚನ್ನಯ್ಯ ಹೇಳುತ್ತಿದ್ದಾನೆ, ಅದರ ಹಿಂದೆಯೇ ನನ್ನ ತಲೆಯೊಳಗೆ ತಾತನೂ ಹೇಳುತ್ತಿದ್ದಾನೆ, ಜಾವಾ ಅಂತ ದೇಶ ಲೇ, ಭತ್ತದ ಗದ್ದಿ ನೋಡಿದ್ರ ನಮ್ಮ ಕಂಪ್ಲಿನೇ, ಅಲ್ಲಿ ಡಚ್ಚರು, ಅಂದರೆ ಈ ಹಾಲೆಂಡಿನವರು, ದೊರೆಗಳಾಗಿದ್ದರು, ಯುದ್ಧದಲ್ಲಿ ಜಪಾನಿನವರು ಬಂದು ಅವರ ಗಂಡಸರನ್ನು ಒಂದು ಕಡೆ, ಹೆಂಗಸರು ಮಕ್ಕಳನ್ನು ಒಂದು ಕಡೆ ಕೂಡಿಹಾಕಿದರು, ಸುತ್ತ ಬಿದಿರು ತಟ್ಟಿ, ಮಲಗಲು ಒಬ್ಬರಿಗೆ ಒಂದು ಮೊಳದಗಲದ ಹಲಗೆ, ಮೂರು ವರ್ಷ, ಉಣ್ಣೋಕ ಬಟ್ಟಿಗೆ ಹಾಕ್ತೀವಲ್ಲ ಅಂಥಾ ಗಂಜಿ ಅಂತಾರ ಇವರು, ಮುಂಜಾನಿ ಸಂಜಿಗೆ ಸಾಲಾಗಿ ನಿಲ್ಲಿಸಿ ಎಣಿಸೋರಂತ, ಸೊಂಟದಿಂದ ಬಗ್ಗಬೇಕಂತ, ಕೈ ಎರಡೂ ತೊಡಿಗೆ ಅಂಟಿರಬೇಕು, ಕಡಿಮಿ ಬಗ್ಗಿದ್ರ ಕಪಾಳಕ್ಕ, ಆಗ ನನಗ ಐದು ವರ್ಷ, ನಾನೂ ಬಗ್ಗೀನಿ ಅಂತಾರ, ಹೊರಗ ಬಂದ ಮ್ಯಾಲ ಯಾರಿಗೂ ಬಗ್ಗಿಲ್ಲ, ಚರ್ಚಿನ್ಯಾಗೂ ಬಗ್ಗಿಲ್ಲ ಅಂತಾರ, ಇವರಿಗೊಂದು ತಂಗಿ ಇತ್ತಂತ, ಎರಡು ವರ್ಷದ ಕೂಸು, ಭೇದಿಯಾಗಿ ಅಲ್ಲೇ ಸತ್ತೋತಂತ, ಗೋರಿ ಇಲ್ಲ, ಫೋಟೋ ಇಲ್ಲ, ಸೀರೆ ಅಂಚಿನಿಂದ ಎಳೆದ ಹಾಗೆ ಹೆಂಗಸರು ತಮ್ಮ ಗೌನಿನ ಅಂಚಿನಿಂದ ದಾರ ಎಳೆದು ಒಂದು ಚಾದರದ ತುಂಡಿನ ಮೇಲೆ ಬದುಕಿದ್ದವರ ಹೆಸರು ಸತ್ತವರ ಹೆಸರು ಎಲ್ಲಾ ಹೊಲಿದರು, ಇವರ ತಾಯಿ ಅದನ್ನು ಬಟ್ಟೆಯೊಳಗೆ ಸೊಂಟಕ್ಕೆ ಸುತ್ತಿಕೊಂಡಿದ್ದರು, ಆ ಕೂಸಿನ ಹೆಸರು ಅದೊಂದರಾಗ ಐತಿ ನೋಡು, ಬ್ಯಾರೆ ಎಲ್ಲೂ ಇಲ್ಲ, ಕೋಬಾ ಅಂತ — ಕೆ, ಒ, ಬಿ, ಎ — ಜಪಾನು ಸೋತರೂ ಕ್ಯಾಂಪಿನ ಬಾಗಿಲು ತೆರೀಲಿಲ್ಲ ಲೇ ಅನ್ನುತ್ತಾನೆ ತಾತ, ಹೊರಗೆ ಆ ದೇಶದ ಹುಡುಗರು ಸ್ವಾತಂತ್ರ್ಯಕ್ಕೆ ಎದ್ದಿದ್ದರು, ಗೆದ್ದ ಬ್ರಿಟಿಷರು ಸೋತ ಜಪಾನಿನವರನ್ನೇ ಕ್ಯಾಂಪಿನ ಕಾವಲಿಗೆ ನಿಲ್ಲಿಸಿದರು, ಆಮ್ಯಾಲೆ ಅವರ ಮಿಲಿಟ್ರಿಯಾಗಿದ್ದ ನಮ್ಮನ್ನ ಕಳಿಸಿದ್ರು, ಆ ಹುಡುಗ್ರು ಕೇಳಿದ್ದು ನಾವು ಇಲ್ಲಿ ಕೇಳಿದ್ದನ್ನೇ, ಅವರ ಮ್ಯಾಲ ನಮ್ಮ ಬಂದೂಕು, ಹೇಳೋಕ ನಾಚಿಕಿ ಆಗ್ತೈತಿ, ಆದ್ರ ನಾ ಓಡಿಸ್ತಿದ್ದ ಲಾರ್‍ಯಾಗ ಇದ್ದದ್ದು ಹೆಂಗಸ್ರು ಕೂಸುಗಳು, ಬಂದರಿಗೆ ಹೋಗುವ ದಾರಿಯಲ್ಲಿ ತಾತನ ತೋಳಿಗೆ ಗುಂಡು, ಪಕ್ಕದ ಸೀಟಿನ ಹೆಂಗಸು ಸೊಂಟದ ಬಟ್ಟೆ ಬಿಚ್ಚಿ ಬಿಗಿದು ಕಟ್ಟಿದಳು, ಲಾರಿ ನಿಲ್ಲಿಸಲಿಲ್ಲ ತಾತ, ಬಂದರು ಮುಟ್ಟಿಸಿಯೇ ಎಚ್ಚರ ತಪ್ಪಿದ, ಎಚ್ಚರಾದಾಗ ಆಸ್ಪತ್ರೆ, ಹಡಗು ಹೋಗಿತ್ತು, ಬಟ್ಟೆ ಉಳಿದಿತ್ತು, ಆ ಹೆಂಗ್ಸಿನ ತೊಡಿ ಮ್ಯಾಲ ಕುಂತಿದ್ದ ಹುಡುಗಿ ನಾನೇ ಅಂತಾರ ಇವರು.

ತಾತ ಅದನ್ನು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ, ವರ್ಷಕ್ಕೊಮ್ಮೆ ಬಿಸಿಲಿಗೆ ಹರವಿ ಪಕ್ಕದಲ್ಲೇ ಕೂತು ಕಾಗೆ ಕಾಯುತ್ತಿದ್ದ, ಇದು ನಮ್ದಲ್ಲ ಲೇ ಸ್ವಾಮಿ, ಯಾರಾರ ಕೇಳ್ಕೊಂಡು ಬಂದ್ರ ಕೊಡಬೇಕು, ಆತು ತಾತ ಅಂದಿದ್ದೆ, ಸಾಯುವ ವಾರವೂ ಕೇಳಿದ, ಟ್ರಂಕು ಐತಿಲ್ಲ? ಐತಿ ತಾತ — ಅವನು ಹೋದ ಮೇಲೆ ಲಾರಿ ಬಂತು, ಚೀನಾದವರು ಗುಡ್ಡಕ್ಕೆ ಗುಡ್ಡವನ್ನೇ ಕೇಳುತ್ತಿದ್ದ ಕಾಲ, ಸಂಡೂರಿನಿಂದ ಒಂದು ಟ್ರಿಪ್ಪು ಇಳಿಸುವಷ್ಟರಲ್ಲಿ ಇನ್ನೊಂದಕ್ಕೆ ಫೋನು, ಗ್ಲಾಸಿನ ಮೇಲೆ ಬೆರಳು ಮುಳುಗುವಷ್ಟು ಧೂಳು, ಬಜಾರಿನ ಬಟ್ಟೆ ಗೀರು ಹಾಕುತ್ತಿತ್ತು, ಟ್ರಂಕು ತೆಗೆದೆ, ಎಷ್ಟು ಮೆತ್ತಗಿತ್ತು, ಇವತ್ತೊಂದು ದಿನ, ನಾಳೆ ಒಗೆದು ಇಟ್ಟರಾಯಿತು, ಆ ನಾಳೆ ಇನ್ನೂ ಬಂದಿಲ್ಲ, ಒಂದು ಸಲ ಬಂಡ್ರಿ ದಾಟಿದ ಮೇಲೆ ಡೀಸೆಲ್ ಸೋರಿತು, ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದೆ, ಅರ್ಧ ತುರುಕಿದೆ, ನೆನೆದ ಮೇಲೆ ರಸ್ತೆ ಬದಿಗೆ ಎಸೆದೆ, ಅದರಲ್ಲಿ ಎಷ್ಟು ಹೆಂಗಸರಿದ್ದರೋ, ಎಷ್ಟು ಕೂಸುಗಳಿದ್ದವೋ, ಲಲಿತಾ ಈ ಮನೆಗೆ ಬಂದದ್ದು ಆಮೇಲೆ, ಅವಳ ಪಾಲಿಗೆ ಅದು ಲಾರಿ ಒರೆಸುವ ಬಟ್ಟೆ ಅಷ್ಟೇ, ನನಗೆ ಗೊತ್ತಿತ್ತು, ಗೊತ್ತಿಲ್ಲದೆ ಮಾಡಿದ್ದರೆ ತಪ್ಪು ಅನ್ನಬಹುದಿತ್ತು, ಗೊತ್ತಿದ್ದೇ ಮಾಡಿದೆ, ಥೂ, ನನ್ನ ಜನ್ಮಕ್ಕಿಷ್ಟು.

ಹೇಳು, ಅಲ್ಲೇ ಐತ್ರಿ ಅನ್ನು, ಅರ್ಧ ಐತಿ, ಹೊಲಸಾಗೈತಿ, ತಪ್ಪಾತು ಅನ್ನು, ಕಾಲು ಹಿಡಿ — ಬಾಯಿ ತೆರೆದರೆ ಬೇರೆಯದೇ ಬಂತು, ಅದನ್ನ ತಾತನ ಜೊತಿಗೇ ಮಣ್ಣು ಮಾಡಿದ್ವಿ, ಎದೀ ಮ್ಯಾಲ ಹೊದಿಸಿ, ಅವನ ಕಡೇ ಆಸಿ ಅದೇ ಇತ್ತು, ಸುಳ್ಳಿಗೆ ಕೈಕಾಲು ಕಣ್ಣು ಮೂಗು ಎಲ್ಲಾ ನಾನೇ ಅಂಟಿಸುತ್ತಿದ್ದೇನೆ, ಚನ್ನಯ್ಯ ದನಿ ತಗ್ಗಿಸಿ ಅದನ್ನು ದಾಟಿಸಿದ, ಆಕೆ ಕಣ್ಣು ಒರೆಸಿಕೊಂಡರು, ಏನೋ ಅಂದರು, ಏನಂತಾರಪ್ಪಾ? ಕೋಬಾಗ ಒಂದು ಗೋರಿ ಸಿಕ್ತು ಅಂತಾರ, ಅದೂ ಒಬ್ಬ ಒಳ್ಳೇ ಮನುಷ್ಯನ ಎದೀ ಮ್ಯಾಲ — ನೆಲ ಬಿರಿಯಬಾರದೇ, ಆಕೆ ಎದ್ದರು, ಕೈ ಎರಡನ್ನೂ ತೊಡೆಗೆ ಅಂಟಿಸಿ ಸೊಂಟದಿಂದ ಬಗ್ಗಿದರು, ನನಗೆ, ನನ್ನಂಥವನಿಗೆ, ಬ್ಯಾಡ್ರಿ ಅಮ್ಮಾರ, ಬ್ಯಾಡ್ರಿ ಅಂದೆ, ಬೆಳ್ಳಗಿನ ತಲೆ ನನ್ನ ಹೊಟ್ಟೆಯ ಮಟ್ಟಕ್ಕೆ ಬಂದು ನಿಂತಿತು, ಎಷ್ಟು ಹೊತ್ತು ಬಗ್ಗಬೇಕು ಅನ್ನುವುದು ಅರವತ್ತು ವರ್ಷವಾದರೂ ಮರೆತಿಲ್ಲ ಆಕೆಗೆ, ಆಮೇಲೆ ಹೊರಗೆ ಹೊರಟರು, ಕಿರಿದಾದ ಓಣಿ, ಅದರ ತುಂಬಾ ನನ್ನ ಲಾರಿ, ತಲೆ ಸುತ್ತಿತೋ ಏನೋ, ಬಾನೆಟ್ ಮೇಲೆ ಅಂಗೈ ಊರಿದರು, ಚಾ ಹಿಡಿದು ಬಂದ ಲಲಿತಾ ನೋಡಿದಳು, ಅಯ್ಯ, ಕೈಯೆಲ್ಲಾ ಕೆಂಪಾತಲ್ರಿ ಅಮ್ಮಾರ, ಲೋಟ ಚನ್ನಯ್ಯನ ಕೈಗಿಟ್ಟು ಸರಳಿನ ಮೇಲಿನ ಬಟ್ಟೆ ಎಳೆದಳು — ಬ್ಯಾಡ ಲಲಿತಾ, ದನಿ ಹೊರಡುತ್ತಿಲ್ಲ, ಲಲಿತಾ ಬ್ಯಾಡ — ತಗೋರಿ, ಹಳೇದಾದ್ರೂ ಭಾಳ ಮೆತ್ತಗೈತಿ, ಒರೆಸ್ಕೋರಿ, ಆಕೆ ನಕ್ಕು ತೆಗೆದುಕೊಂಡರು, ಒಂದು ಬೆರಳು ಒರೆಸಿಕೊಂಡರು, ಇನ್ನೊಂದು, ಅಂಗೈ, ಬಟ್ಟೆ ತಿರುಗಿಸಿದರು, ಮೂಲೆ ಮೇಲೆ ಬಂತು, ನಗು ಇನ್ನೂ ಮುಖದಲ್ಲೇ ಇದೆ, ಹೆಬ್ಬೆರಳು ಧೂಳನ್ನು ಸರಿಸುತ್ತಿದೆ, ನೀಲಿ ದಾರ, ಕೆ, ಸರಿಸುತ್ತಿದೆ, ಒ, ಸರಿಸುತ್ತಿದೆ, ಬಿ, ಎ, ಹೆಬ್ಬೆರಳು ಅಲ್ಲೇ ನಿಂತಿದೆ, ಕೆ, ಒ, ಬಿ, ಎ, ಹೆಬ್ಬೆರಳು ಅಲ್ಲೇ ನಿಂತಿದೆ.