ನಿಂತುಹೋಗುವ ತನಕ

ಕಾಲುಬಾಯಿ ಬೇನೆಯ ಲಸಿಕೆ ಹಾಕುತ್ತ ಊರೂರು ತಿರುಗುವ ದಾನೇಶ್ವರಿಗೆ ಹಾಯುವ ಎಮ್ಮೆಯೆಂದರೂ ಅಂಜಿಕೆಯಿರಲಿಲ್ಲ. ಈಗ ಬೈಕಿನ ಚಾವಿ ಹಿಡಿದರೆ ಸಾಕು, ಅಂಗೈ ಬೆವರುತ್ತಿತ್ತು.

ಹೋದ ಗುರುವಾರ ಮೇಲವಂಕಿಗೆ ಹೋಗುವಾಗ ಅವಳು ಕಬ್ಬಿನ ಟ್ರ್ಯಾಕ್ಟರೊಂದನ್ನು ದಾಟುತ್ತಿದ್ದಳು. ಟ್ರೇಲರಿನ ಪಕ್ಕಕ್ಕೆ ಬರುತ್ತಲೇ ಬೈಕಿನ ಎಂಜಿನ್ ಎರಡು ಸಲ ಜಗ್ಗಿ ಸತ್ತುಹೋಯಿತು. ಎದುರಿಗೆ ಬಸ್ಸು. ಬ್ರೇಕ್ ಹಾಕಿ ಹೇಗೋ ಟ್ರೇಲರಿನ ಹಿಂದಕ್ಕೆ ಸರಿದಳು. ಬಸ್ಸಿನ ಗಾಳಿ ಅವಳ ದುಪಟ್ಟಾ ಎಳೆದು ಹೋಯಿತು. ಐದು ನಿಮಿಷ ಬಿಟ್ಟು ನೋಡಿದರೆ ಬೈಕು ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು.

ಒಬ್ಬ ಮಿಸ್ತ್ರಿ ಪ್ಲಗ್ ಬದಲಿಸಿದ. ಇನ್ನೊಬ್ಬ ಪೆಟ್ರೋಲಿನಲ್ಲಿ ನೀರು ಸೇರಿದೆಯೆಂದು ಟಾಕಿ ತೊಳೆದ. ಆಮೇಲೂ ಎರಡು ಸಲ ನಿಂತಿತು. ಕೊನೆಗೆ ಘಟಪ್ರಭಾದ ಶಮಶೇರ ಮಿಸ್ತ್ರಿಯ ಗ್ಯಾರೇಜಿಗೆ ಬಂದಳು. ಈಗ ಅಲ್ಲಿ ಕೆಲಸ ನೋಡುತ್ತಿದ್ದವಳು ಅವನ ಮಗಳು ನಾಜಿಯಾ. ಅರ್ಧ ತಾಸು ಸ್ಟ್ಯಾಂಡಿನ ಮೇಲೆ ಓಡಿಸಿದರೂ ಎಂಜಿನ್ ಕೆಮ್ಮಲಿಲ್ಲ.

"ನಿಂತಲ್ಲೇ ಇದು ಗುಟ್ಟು ಬಿಡೂದಿಲ್ಲ, ಅಕ್ಕಾರ. ರಸ್ತಿಗೆ ಒಯ್ಯೂನು. ನೀವು ಓಡಸ್ರಿ, ನಾ ಹಿಂದ ಕುಂದರ್ತೀನಿ."

"ನೀನ ಓಡಸವಾ."

"ಹಂಗಾದ್ರ ಸ್ಕ್ಯಾನರ್ ನೋಡಾವ್ರು ಯಾರು? ಬಂದ್ ಬೀಳೂತನಕ ಓಡಸ್ರಿ."

ಬಂದ್ ಬೀಳಲೆಂದೇ ಓಡಿಸುವುದು! ದಾನೇಶ್ವರಿ ಜಾಕೀಟಿನ ಗುಂಡಿ ಹಾಕಿ ಬೈಕು ಹತ್ತಿದಳು. ಸೀಟಿನ ಕೆಳಗಿಂದ ಬಂದ ವೈರಿನ ತುದಿಗೆ, ಎಂಜಿನ್ನಿನ ಸುತ್ತು ತೋರಿಸುವ, ಮೊಬೈಲಿನಷ್ಟಿದ್ದ ಸ್ಕ್ಯಾನರ್. ಅದನ್ನು ಹಿಡಿದು ನಾಜಿಯಾ ಹಿಂದೆ ಕುಳಿತಳು. ದಾರಿಯುದ್ದಕ್ಕೂ ದಾನೇಶ್ವರಿ ಎಂಜಿನ್ನಿನ ಒಂದೊಂದು ಬಡಿತವನ್ನೂ ಎಣಿಸುವಂತೆ ಕೇಳಿದಳು. ಮುಂದೆ ಕಬ್ಬಿನ ಟ್ರೇಲರ್, ಬೆನ್ನಿಗೆ ಒಂದು ಲಾರಿ. ತಗ್ಗೊಂದು ಹಾಯ್ದದ್ದೇ ತಡ, ಬೈಕು ಜಗ್ಗಿತು. ಮತ್ತೆ ಜಗ್ಗಿತು. ಸದ್ದಡಗಿತು.

ಲಾರಿಯ ಹಾರ್ನ್ ಕಿವಿಯೊಳಗೇ ಹೊಕ್ಕಂತಾಯಿತು. ಹ್ಯಾಂಡಲ್ ಎಡಕ್ಕೆ ಹೊರಳಿಸಿ ಕಣ್ಣು ಮುಚ್ಚಿದಳು. ಲಾರಿ ದಾಟಿಹೋದ ಮೇಲೆ ತೆರೆದರೆ ಬೈಕು ಮಣ್ಣಿನಲ್ಲಿ ನಿಂತಿತ್ತು.

"ಸಿಕ್ತು!" ಎಂದಳು ನಾಜಿಯಾ. "ಎಂಜಿನ್ ತಿರಗಾಕತ್ತಿತ್ತು, ಈ ಸ್ಕ್ಯಾನರಿನಾಗ ಮಾತ್ರ ಸುತ್ತು ಒಮ್ಮೆಲೆ ಸೊನ್ನಿ. ಎಂಜಿನ್ ನಿಂತೈತಿ ಅಂತ ಬೈಕಿನ ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗೇತಿ. ಅದು ಪೆಟ್ರೋಲ್, ಕಿಡಿ ಎರಡೂ ಬಂದ್ ಮಾಡೇತಿ."

ಸುತ್ತು ಎಣಿಸುವ ಸೆನ್ಸರಿನ ವೈರು ಹಿಡಿದು ಹೋಗಿ ಅವಳು ಅದರ ಜೋಡಣೆ ಬಿಚ್ಚಿದಳು. ಒಳಗಿನ ಒಂದು ಪಿನ್ನಿಗೆ ಹಸಿರು ಕಿಲುಬು.

"ಬೈಕಿಗೆ ಪ್ರೆಶರ್ ನೀರು ಹೊಡಸ್ತೀರೇನ್ರಿ?"

"ವಾರಕ್ಕೊಮ್ಮಿ ಹೊಡಸ್ತೀನಿ. ಸಗಣಿ ಮೆತ್ತಿರತೈತಲ್ಲ."

"ಆ ನೀರು ಒಳಗ ಹೊಕ್ಕೈತಿ," ಎಂದು ನಾಜಿಯಾ ಜೋಡಣೆ ಕೂಡಿಸಿ, ಚಾಲೂ ಮಾಡಿ, ಬೆರಳಿಂದ ವೈರು ಅಲುಗಿಸಿದಳು. ಎಂಜಿನ್ ತೇಕಿತು. ಬಿಟ್ಟರೆ ಸರಿಯಾಯಿತು. ದಾನೇಶ್ವರಿ ಚಾವಿ ತಿರುವಿ ಎಂಜಿನ್ ಬಂದ್ ಮಾಡಿದಳು.

"ನಿನಗೂ ಅಂಜಿಕಿ ಆತೇನ?"

"ನಿಮ್ಮ ಜಾಕೀಟ ಹರಿಯೂಹಂಗ ಹಿಡಿದಿದ್ನಲ್ಲ, ಗೊತ್ತಾಗಲಿಲ್ಲೇನ್ರಿ?"

ಗೊತ್ತಾಗಿರಲಿಲ್ಲ.

ಜೋಡಣೆ ಹೊಸದು ಬಿತ್ತು, ಬೈಕು ಹಗುರಾಗಿ ಓಡಿತು. ಆದರೂ ಒಂದು ವಾರ ದಾನೇಶ್ವರಿ ಯಾವ ಟ್ರ್ಯಾಕ್ಟರನ್ನೂ ದಾಟಲಿಲ್ಲ. ಧೂಳು ಕುಡಿಯುತ್ತ ಹಿಂದೆಯೇ ಹೋದಳು. ಮುಂದಿನ ಮಂಗಳವಾರ ಮೂಡಲಗಿ ರಸ್ತೆಯಲ್ಲಿ ಲಸಿಕೆಯ ಡಬ್ಬಿಯೊಳಗಿನ ಬರ್ಫ ಕರಗತೊಡಗಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಅದರಾಚೆ ರಸ್ತೆ ಖಾಲಿ. ಹಲ್ಲು ಕಚ್ಚಿ ಎಕ್ಸಲರೇಟರ್ ತಿರುವಿದಳು. ಗಾಲಿ, ಕಬ್ಬು, ಮತ್ತೊಂದು ಗಾಲಿ, ಚಾಲಕನ ಕೆಂಪು ಟವೆಲ್, ಎಲ್ಲ ಹಿಂದೆ ಬಿದ್ದವು. ಸ್ವಲ್ಪ ಮುಂದೆ ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಎದೆಬಡಿತ ಇಳಿಯುವ ತನಕ ಕುಳಿತಳು. ಅಷ್ಟರಲ್ಲಿ ಅದೇ ಟ್ರ್ಯಾಕ್ಟರ್ ಮೆಲ್ಲಗೆ ಅವಳನ್ನು ದಾಟಿ ಹೋಯಿತು.