ಆರ್ಯಳ ಅಕೌಂಟಿನ ಹಾಡುಗಳು

ಆರ್ಯ ಅನುರಾಗ್‌ನನ್ನು ಮದುವೆಯಾಗಿ ಮುಲುಂಡ್‌ಗೆ ಹೋದ ಮೇಲೆ ಗೋರೆಗಾಂವ್‌ನ ಫ್ಲ್ಯಾಟಿನಲ್ಲಿ ಸಾಧನಾ ಒಬ್ಬಳೇ ಉಳಿದಳು. ಸಾಧನಾಳಿಗೆ ನಲವತ್ಮೂರು. ಮೈಸೂರು ಬಿಟ್ಟು ಹದಿನಾರು ವರ್ಷವಾಗಿತ್ತು. ಬಾಡಿಗೆ ಹಂಚಿಕೊಳ್ಳಲೆಂದು ಬಂದ ಇಪ್ಪತ್ತೇಳರ ಆರ್ಯ ಮೂರು ವರ್ಷ ಜೊತೆಗಿದ್ದು, ಹೊರಡುವ ಹೊತ್ತಿಗೆ ಒಡಹುಟ್ಟಿದವಳಂತೆಯೇ ಆಗಿದ್ದಳು. ಪ್ರತಿ ಸಂಡೇ ಬರುತ್ತೇನೆಂದು ಮಾತು ಕೊಟ್ಟು ಹೋದವಳು ಎರಡು ಭಾನುವಾರ ಬಂದಳು. ಆಮೇಲೆ ಅತ್ತೆಯ ಕಣ್ಣಿನ ಆಪರೇಷನ್, ಯಾರದೋ ಗೃಹಪ್ರವೇಶ, ಹೀಗೆ ಏನಾದರೊಂದು ಅಡ್ಡ ಬರುತ್ತಲೇ ಇತ್ತು.

ಹೋಗುವಾಗ ಅವಳು ಒಂದು ಹಳೆಯ ಟ್ಯಾಬ್ ಮತ್ತು ಪುಟ್ಟ ಸ್ಪೀಕರ್ ಬಿಟ್ಟುಹೋಗಿದ್ದಳು. ಜೂನ್ ತಿಂಗಳ ಒಂದು ಸಂಜೆ ಸಾಧನಾ ಬೇಸರ ಕಳೆಯಲೆಂದು ಟ್ಯಾಬ್ ಚಾರ್ಜಿಗೆ ಹಾಕಿದಾಗ, ಆರ್ಯ ಹಾಡು ಕೇಳುತ್ತಿದ್ದ ಆ್ಯಪ್ ಅವಳ ಹೆಸರಿನಲ್ಲೇ ತೆರೆದುಕೊಂಡಿತು. ಅಂದು ಬೆಳಿಗ್ಗೆ ಕೇಳಿದ ಹಾಡುಗಳೆಲ್ಲ ಸಾಲಾಗಿ ಕಂಡವು. ಮುಲುಂಡ್‌ನಲ್ಲಿ ಕೂತು ಆರ್ಯ ಕೇಳಿದ್ದು ಇದೇ ಅನ್ನಿಸಿ ಸಾಧನಾ ಮೊದಲನೆಯದನ್ನು ಒತ್ತಿದಳು.

ಎರಡು ಸಾಲು ಪಿಸುಮಾತಿನಂತೆ ಹೋಯಿತು. ಮೂರನೆಯ ಸಾಲಿಗೆ ಹಾಡುತ್ತಿದ್ದ ಹೆಂಗಸು ದನಿ ಎತ್ತಿದಳು ನೋಡಿ, ಮೇಜಿನ ಮೇಲಿದ್ದ ಸ್ಪೀಕರ್ ಗಡಗಡ ಅದುರಿತು. ಪಕ್ಕದ ಮನೆಯವರು ಏನೆಂದುಕೊಂಡಾರೋ ಎಂದು ಸಾಧನಾ ಅವಸರದಲ್ಲಿ ಸದ್ದು ತಗ್ಗಿಸಿದಳು. ಅರ್ಧ ನಿಮಿಷಕ್ಕೆ ಮತ್ತೆ ಏರಿಸಿದಳು. ಭಾವಗೀತೆ, ಹಳೆಯ ಸಿನಿಮಾ ಹಾಡು ಕೇಳಿ ಬೆಳೆದವಳು ಅವಳು. ಬಿಟ್ಟುಹೋದವನನ್ನು ಹೀಗೆ ಎದೆ ಬಿರಿಯುವಂತೆ ಕರೆಯುವುದು, ಕೊನೆಗೆ ಹಾಳಾಗಿ ಹೋಗು ಎಂದು ಅದೇ ದನಿಯಲ್ಲಿ ಶಪಿಸುವುದು ಅವಳಿಗೆ ಹೊಸತು. ಮಲಾಡ್‌ನ ಇನ್ಶೂರೆನ್ಸ್ ಆಫೀಸಿನಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ದಿನಕ್ಕೆ ಮೂವತ್ತು ಸಲ ಬರೆದು ಬರುವವಳಿಗೆ ಆ ಅಬ್ಬರ ಹಿತವೆನಿಸಿತು.

ಅಂದಿನಿಂದ ಅದೇ ಅಭ್ಯಾಸವಾಯಿತು. ಕಾಫಿಗೆ ನೀರಿಟ್ಟು ಪಟ್ಟಿ ನೋಡುವಳು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡು ಕಟ್ಟಿ ಹಾಡುವ ಹುಡುಗಿಯರು ಅದರಲ್ಲಿದ್ದವರು. ಎಲ್ಲರದೂ ಕಂಚಿನ ಕಂಠ, ಎಲ್ಲರದೂ ಒಡೆದ ಮನಸ್ಸು. ಅವರಲ್ಲಿ ದಾನವ್ವ ಎಂಬ ಹೆಸರಿನವಳೊಬ್ಬಳು ಹಿಂದಿಯಲ್ಲಿ ಹಾಡುತ್ತ ನಡುವೆ ಕನ್ನಡಕ್ಕೆ ಹೊರಳುತ್ತಿದ್ದಳು. ಆರ್ಯ ಕೇಳಿದ್ದನ್ನೇ ತಾನೂ ಕೇಳುತ್ತಿದ್ದರೆ ಸಾಧನಾಳಿಗೆ ಅವಳು ಎದುರಿಗೇ ಕೂತಂತಾಗುತ್ತಿತ್ತು.

ಅಕ್ಟೋಬರಿನಲ್ಲಿ ಒಂದು ವಾರ ಪೂರ್ತಿ ಪಟ್ಟಿಯ ಮೇಲ್ತುದಿಯಲ್ಲಿ ಒಂದೇ ಹಾಡು ಇತ್ತು. ಮನೆ ಬಿಟ್ಟು ಹೋಗುವವಳ ಹಾಡು. ಸಾಧನಾಳಿಗೆ ದಿಗಿಲಾಯಿತು. ಆಫೀಸಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು.

"ಆರ್ಯಾ, ಆ ಮನೇಲಿ ನಿಂಗೇನೂ ತೊಂದ್ರೆ ಇಲ್ಲ ತಾನೆ? ನಿಜ ಹೇಳು."

ಆರ್ಯ ಯಾಕೆಂದು ಕೇಳಿದಳು. ಸಾಧನಾ ತಡವರಿಸುತ್ತ ಟ್ಯಾಬಿನ ವಿಷಯ ಹೇಳಿದಾಗ ಆ ಕಡೆಯಿಂದ ನಗು ಕೇಳಿಸಿತು.

"ಅದು ನಾನಲ್ಲ ಅಕ್ಕಾ, ಅನುರಾಗ್. ಆಫೀಸಿಗೆ ಹೋಗ್ತಾ ಕಾರಲ್ಲಿ ನನ್ನ ಅಕೌಂಟಲ್ಲೇ ಹಾಕ್ತಾನೆ. ಅವ್ನಿಗೆ ಈ ಚಿಲ್ಲಾನೇವಾಲಿ, ಕಿರುಚೋ ಹುಡ್ಗೀರೇ ಬೇಕು. ನಂಗೆ ತೋ ತಲೆನೋವು ಬರುತ್ತೆ."

ಸಾಧನಾ ತಾನೂ ನಕ್ಕಳು. ಫೋನ್ ಇಟ್ಟ ಮೇಲೆ ಮಾತ್ರ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಾಲ್ಕು ತಿಂಗಳಿಂದ ಯಾರ ಜೊತೆಗಿದ್ದೇನೆಂದುಕೊಂಡಿದ್ದಳೋ ಅವಳು ಅಲ್ಲಿ ಇರಲೇ ಇಲ್ಲ. ಇದ್ದವನು ಮದುವೆಯ ಮಂಟಪದಲ್ಲಿ ನಾಲ್ಕು ಮಾತಾಡಿದ್ದ, ಮುಖವೂ ಸರಿಯಾಗಿ ನೆನಪಿಲ್ಲದ ಒಬ್ಬ ಗಂಡಸು. ಅವನಿಗೇನು ದುಃಖವಿತ್ತೋ, ಬರೀ ಇಷ್ಟವೋ, ಅದನ್ನು ಯಾರನ್ನು ಕೇಳುವುದು? ಮರುದಿನ ಬೆಳಿಗ್ಗೆ ಆ್ಯಪ್ ಪಾಸ್‌ವರ್ಡ್ ಕೇಳಿತು. ಬದಲಿಸಿದವರು ಆರ್ಯಳೋ ಅವಳ ಗಂಡನೋ, ಸಾಧನಾ ವಿಚಾರಿಸಲಿಲ್ಲ.

ಎರಡು ವಾರ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಒಂದು ದಿನ ಫೋನಿನಲ್ಲಿ ದಾನವ್ವನ ಹೆಸರು ಹುಡುಕಿದಳು. ಬರುವ ಭಾನುವಾರ ಸಂಜೆ ಐದಕ್ಕೆ ಮಲಾಡ್‌ನಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಅವಳ ಹಾಡುಗಾರಿಕೆ ಇತ್ತು. ನೀನೂ ಬರುತ್ತೀಯಾ ಎಂದು ಆರ್ಯಳಿಗೆ ಮೆಸೇಜ್ ಹಾಕಿದಳು. ಒಂದು ಕೆಂಪು ಹೃದಯದ ಚಿತ್ರ ಬಂತು, ಅಷ್ಟೇ.

ಅರವತ್ತು ಕುರ್ಚಿಗಳಿದ್ದ ಹಾಲ್‌ನಲ್ಲಿ ಹದಿನಾಲ್ಕು ಜನ ಸೇರಿದ್ದರು. ದಾನವ್ವ ಇಪ್ಪತ್ತೈದರ ಕುಳ್ಳಗಿನ ಹುಡುಗಿ, ಕಾಟನ್ ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿದ್ದಳು. ಜನ ಕಡಿಮೆಯೆಂದು ಅವಳು ದನಿಯನ್ನು ಅಳೆದು ಬಡಿಸಲಿಲ್ಲ. ಮೂರನೆಯ ಹಾಡಿಗೆ ಮೈಕನ್ನು ಪಕ್ಕಕ್ಕಿಟ್ಟು ಕನ್ನಡದ ಸಾಲು ಎತ್ತಿದಾಗ ಕಿಟಕಿಯ ಗಾಜು ಜುಮ್ಮೆಂದಿತು. ಸಾಧನಾ ಕಣ್ಣೊರೆಸಿಕೊಳ್ಳುವ ಗೋಜಿಗೂ ಹೋಗದೆ ಕೂತುಬಿಟ್ಟಳು.

ಮುಗಿದ ಮೇಲೆ ಹತ್ತಿರ ಹೋಗಿ, ತುಂಬಾ ಚೆನ್ನಾಗಿ ಹಾಡಿದಿರಿ ಎಂದಳು. ಕನ್ನಡ ಕೇಳಿ ಹುಡುಗಿಯ ಮುಖ ಅರಳಿತು. ದಾನವ್ವ ತನ್ನ ಅಜ್ಜಿಯ ಹೆಸರೆಂದೂ ತಾನು ಹುಬ್ಬಳ್ಳಿ ಕಡೆಯವಳೆಂದೂ ಹೇಳಿದಳು.

"ಆ ಕನ್ನಡದ್ದು ನಿಮ್ಮನ್ನ ನೋಡ್ಕೋತ ಹಾಡೀನ್ರಿ ಅಕ್ಕಾರ. ಉಳಿದವರೆಲ್ಲ ಮೊಬೈಲ್ ಹಿಡಕೊಂಡಿದ್ರು. ಜೋಡಿ ಯಾರೂ ಬಂದಿಲ್ಲೇನ್ರಿ?"

"ಒಬ್ಬಳೇ ಬಂದೆ."

"ನಾನೂ ಬ್ಯಾರೆಯವರ ಹಾಡು ಕೇಳಾಕ ಒಬ್ಬಾಕಿನ ಹೋಗ್ತೀನ್ರಿ. ಅತ್ತರ ಯಾಕಂತ ಯಾರೂ ಕೇಳಂಗಿಲ್ಲ."

ಅಷ್ಟರಲ್ಲಿ ಕೀಬೋರ್ಡಿನವನು ಗಾಡಿ ಬಂತೆಂದು ಕೂಗಿದ. ದಾನವ್ವ ಕೈ ಮುಗಿದು, ವೈರುಗಳ ಚೀಲ ಹೆಗಲಿಗೇರಿಸಿ ಇಳಿದುಹೋದಳು.

ಸಾಧನಾಳಿಗೆ ಸ್ಟೇಷನ್ನಿಗೆ ಹೋಗಿ ಲೋಕಲ್ ಹತ್ತಲು ಮನಸ್ಸಾಗಲಿಲ್ಲ. ಗೋರೆಗಾಂವ್ ಒಂದೇ ಸ್ಟೇಷನ್ ದೂರ ಎಂದು ಎಸ್.ವಿ. ರೋಡ್ ಹಿಡಿದು ನಡೆದಳು. ಬಸ್ಸುಗಳ ಹಾರ್ನಿಗೆ ಕಿವಿ ಗಡಚಿಕ್ಕುತ್ತಿತ್ತು. ಇಷ್ಟು ಗದ್ದಲದಲ್ಲಿ ಯಾರಿಗೆ ಕೇಳೀತು ಎನ್ನಿಸಿ, ಆ ಕನ್ನಡದ ಸಾಲನ್ನು ಮೆಲ್ಲಗೆ ಶುರು ಮಾಡಿದಳು. ತುದಿಗೆ ಬಂದಾಗ ಗಂಟಲು ತಾನಾಗಿ ತೆರೆದುಕೊಂಡು, ಅವಳೇ ಬೆಚ್ಚುವಂಥ ದನಿ ಹೊರಬಿತ್ತು.

ಮುಂದೆ ಹೋಗುತ್ತಿದ್ದ ರಿಕ್ಷಾ ಗಕ್ಕನೆ ನಿಂತಿತು. ತನ್ನನ್ನೇ ಕೂಗಿದರೆಂದುಕೊಂಡ ಚಾಲಕ ಹಿಂತಿರುಗಿ ನೋಡಿ, "ಕಹಾಂ ಜಾನಾ ಹೈ, ಮ್ಯಾಡಮ್?" ಎಂದ.

ತಾನು ಕರೆಯಲಿಲ್ಲ ಎಂದು ಅವಳು ತಿದ್ದಲು ಹೋಗಲಿಲ್ಲ. ಗೋರೆಗಾಂವ್ ಎಂದು ಹತ್ತಿ ಕುಳಿತಳು. ಮನೆ ಬರುವವರೆಗೂ ಗಂಟಲು ಉರಿಯುತ್ತಿತ್ತು.